ಮೊದಲು ನಳದ ಕೆಳಗೆ

ಜೇವರ್ಗಿಯಿಂದ ಕಲಬುರಗಿ ಕಡೆಗೆ ಹೊರಟರೆ, ಊರು ಮುಗಿದು ತೊಗರಿ ಹೊಲ ಶುರುವಾಗುವಲ್ಲಿ ಗುರುನಾಥ ಸಾಹುಕಾರರ ಹೌದ ಸಿಗುತ್ತದೆ. ಬೋರ್ಡಿನ ಮೇಲೆ ಸ್ವಿಮ್ಮಿಂಗ್ ಪೂಲ್ ಎಂದು ಬರೆಸಿದ್ದಾರೆ, ಪಕ್ಕದಲ್ಲಿ ಕೆಂಪು ಚಡ್ಡಿಯ ಹುಡುಗನ ಚಿತ್ರ ಬೇರೆ. ಬರೆಸಿಕೊಳ್ಳಲಿ ಬಿಡಿ. ಈ ಸೀಮೆಯಲ್ಲಿ ದನ ನೀರು ಕುಡಿಯುವ ತೊಟ್ಟಿಯೂ ಹೌದ, ಮಸೀದಿಯಲ್ಲಿ ಕೈಕಾಲು ತೊಳೆಯುವ ಕೊಳವೂ ಹೌದ. ಟಿಕೆಟ್ ತೆಗೆಸಿ ಈಸಬೀಳುವ ಈ ನೀಲಿ ನೀರಿಗೆ ಮಾತ್ರ ಬೇರೆ ಹೆಸರು ಯಾಕೆ ಎಂದು ಊರು ಅದನ್ನೂ ಹೌದ ಎಂದೇ ಕರೆಯಿತು.

ಆ ಹೌದದಲ್ಲಿ ಹೆಂಗಸರ ಪಾಳಿಯ ಒಡತಿ ಪಂಚಶೀಲಾ. ಒಡತಿ ಎಂದರೆ ಸಾಹುಕಾರರಿಗೆ ಸಿಟ್ಟು ಬಂದೀತು, ಅವಳು ಸಂಬಳದ ಆಳು. ಆದರೆ ಬೆಳಗಿನ ಗಂಡಸರ ಪಾಳಿ ಮುಗಿದು, ಗೇಟಿಗೆ ಹಸಿರು ಪರದೆ ಎಳೆದು, ಹೆಂಗಸರ ಎರಡು ತಾಸು ಶುರುವಾಯಿತೆಂದರೆ ಒಳಗೆ ಅವಳ ಮಾತೇ ಕಾನೂನು. ಕಾನೂನು ದೊಡ್ಡದೇನಲ್ಲ. ನೀರಿಗಿಳಿಯುವ ಮೊದಲು ನಳದ ಕೆಳಗೆ ನಿಂತು ಸಾಬೂನು ಹಚ್ಚಿ ತಿಕ್ಕಿಕೊಳ್ಳಬೇಕು. ತಲೆಗೆ ಎಣ್ಣೆ ಹಚ್ಚಿದ್ದರೆ ತೊಳೆದು ತೆಗೆಯಬೇಕು. ಮುಡಿದ ಹೂವನ್ನು ಗೋಡೆಯ ಮೇಲಿಡಬೇಕು. ಕಾಲಿಗೆ ಗಾಯವಿದ್ದವರು ದಂಡೆಯ ಮೇಲೆ ಕೂತು ಮಾತಾಡಿ ಮನೆಗೆ ಹೋಗಬೇಕು. ಇಷ್ಟನ್ನು ಹೇಳುವುದರಲ್ಲಿ ದಿನವೂ ಅವಳ ಗಂಟಲು ಹರಿದುಹೋಗುತ್ತಿತ್ತು. ಮದುವೆಗೆ ಹೊರಟವರ ಹಾಗೆ ಮುಖಕ್ಕೆ ಪೌಡರ್ ಬಳಿದುಕೊಂಡು ಬರುವವರು, ನೈಟಿ ಹಾಕಿಕೊಂಡೇ ಹಾರಿ ಅದು ಬುಗ್ಗೆಯಾಗಿ ಮೇಲೆದ್ದಾಗ ಕಿರುಚುವವರು, ಮೈ ತೊಯಿಸಿಕೊಂಡ ಹಾಗೆ ಮಾಡಿ ಕಳ್ಳಹೆಜ್ಜೆಯಲ್ಲಿ ದಾಟಿಕೊಳ್ಳುವವರು. ಎಲ್ಲರಿಗೂ ಅವಳದು ಒಂದೇ ಮಾತು.

“ಮೊದಲ ನಳದ ಕೆಳಗ. ಆಮ್ಯಾಲ ಹೌದ.”

ಪಂಚಶೀಲಾ ಹುಟ್ಟಿದ್ದು ಇಜೇರಿಯಲ್ಲಿ. ಬೇಸಿಗೆಯಲ್ಲಿ ಊರಿನ ಬಾವಿಗಳ ಹೂಳು ತೆಗೆಯುವ ಕೆಲಸಕ್ಕೆ ಅವಳಪ್ಪನನ್ನು ಕರೆಯುತ್ತಿದ್ದರು. ಹೂಳು ತೆಗೆಯುವಾಗ ಅವನು ಬಾವಿಗೆ ಇಳಿಯಬಹುದಿತ್ತು. ಹೂಳು ಹೋಗಿ ಹೊಸ ನೀರು ಬಂದ ಮೇಲೆ ಇಳಿಯುವ ಹಾಗಿರಲಿಲ್ಲ. ಅವನ ಮಗಳು ಈಸ ಕಲಿತದ್ದು ಊರ ಹೊರಗಿನ ಕಲ್ಲಿನ ಖಣಿಯಲ್ಲಿ, ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿಕೊಂಡು, ಅಣ್ಣನ ಬೈಗುಳ ಕೇಳಿಕೊಂಡು. ಮಳೆ ನೀರು ನಿಂತು ಹಸಿರುಗಟ್ಟಿದ ಆ ಖಣಿಯಲ್ಲಿ ಅವಳು ಮೀನಾಗಿ ಹೋಗಿದ್ದಳು. ಮೈನೆರೆದ ಮೇಲೆ ಅವ್ವ ಅದನ್ನೂ ಬಿಡಿಸಿದಳು. ಮುಂದೆ ಮದುವೆಯಾಗಿ ಜೇವರ್ಗಿಗೆ ಬಂದಳು. ಗಂಡ ಭೀಮಶಾ ಟಂಟಂ ಆಟೋ ಓಡಿಸುತ್ತಾನೆ. ಅವಳು ಹತ್ತಿ ಬಿಡಿಸಲು ಹೋದಳು, ಹಾಸ್ಟೆಲಿನಲ್ಲಿ ರೊಟ್ಟಿ ಬಡಿದಳು, ಎರಡು ಮಕ್ಕಳನ್ನು ಓದಿಸಿದಳು. ಇಷ್ಟು ವರ್ಷಗಳಲ್ಲಿ ಮೈಪೂರ್ತಿ ಮುಳುಗುವಷ್ಟು ನೀರು ಅವಳಿಗೆ ಮತ್ತೆ ಸಿಗಲೇ ಇಲ್ಲ.

ಸಾಹುಕಾರರು ಹೌದ ಕಟ್ಟಿಸಿದಾಗ ಅವರ ಹೆಂಡತಿ ಮಹಾನಂದಾ, ಹೆಂಗಸರಿಗೂ ಒಂದು ಪಾಳಿ ಇರಲೇಬೇಕು ಎಂದು ಹಟ ಹಿಡಿದರು. ಅದಕ್ಕೆ ಈಸ ಬರುವ ಹೆಣ್ಣಾಳು ಬೇಕಲ್ಲ? ಈಸ ಬರುತ್ತದೇನು ಎಂದು ಕೇಳಿದ್ದಕ್ಕೆ ಪಂಚಶೀಲಾ ಬಾಯಲ್ಲಿ ಉತ್ತರ ಕೊಡಲಿಲ್ಲ. ಸೀರೆಯನ್ನು ಕಚ್ಚೆ ಹಾಕಿ, ಈ ದಂಡೆಯಿಂದ ಜಿಗಿದು ಆ ದಂಡೆಯಲ್ಲಿ ಎದ್ದಳು. ಆವತ್ತು ಅವಳು ನಳದ ಕೆಳಗೆ ನಿಂತಿರಲಿಲ್ಲ ಎಂಬುದನ್ನು ಈಗ ಯಾರೂ ನೆನಪಿಸುವಂತಿಲ್ಲ.

ಅಂದಿನಿಂದ ಆ ಎರಡು ತಾಸು ಅವಳ ಜೀವದ ತುಂಡಾಯಿತು. ನೀರು ಕಂಡರೆ ಕಾಲು ಹಿಂದೆಗೆಯುತ್ತಿದ್ದ ಹೆಂಗಸರ ಹೊಟ್ಟೆಯ ಕೆಳಗೆ ಕೈ ಕೊಟ್ಟು ತೇಲಿಸುತ್ತಿದ್ದಳು. ಒಬ್ಬೊಬ್ಬರೇ ಅವಳ ಕೈ ಬಿಟ್ಟು ತಾವೇ ತೇಲಿದಾಗ ಅವಳಿಗೆ ಆಗುತ್ತಿದ್ದ ಖುಷಿ ಹೆತ್ತವಳದ್ದು. ಎಲ್ಲರಿಗಿಂತ ಚುರುಕಾಗಿ ಕಲಿತವಳು ಜಸ್ಮೀನ, ದರ್ಗಾ ಗಲ್ಲಿಗೆಲ್ಲ ಚಿಕ್ಕಮ್ಮನಂತಿದ್ದ ಶಮ್ಸುನ್ನಿಸಾ ಖಾಲಾರ ಮೊಮ್ಮಗಳು, ಕಾಲೇಜಿಗೆ ಹೋಗುವ ಹುಡುಗಿ. ಅವಳ ಹಿಂದೆ ಇಡೀ ಗಲ್ಲಿಯ ಹೆಣ್ಣುಮಕ್ಕಳು ಬಂದರು. ಖಾಲಾ ಹೂಂ ಅಂದಿದ್ದರು, ಅದಕ್ಕೇ ಬಂದರು. ಖಾಲಾ ಹೂಂ ಅನ್ನದೆ ಆ ಗಲ್ಲಿಯಲ್ಲಿ ಕೋಳಿಯೂ ಕೂಗುವುದಿಲ್ಲ ಎಂದು ಭೀಮಶಾ ನಗುತ್ತಿದ್ದ.

ಇನ್ನು ಭಗವಂತನ ವಿಷಯ. ದೇವರಲ್ಲ, ಪಂಪಿನ ಮನೆಯ ಭಗವಂತ. ನರೋಣಾ ಕಡೆಯವನು, ಊರಿನ ನೀರಿನ ಟಾಕಿಗೆ ವರ್ಷಾನುಗಟ್ಟಲೆ ಬ್ಲೀಚಿಂಗ್ ಪುಡಿ ಹಾಕಿ ಪಳಗಿದ ಕೈ. ಗಂಡಸರ ಪಾಳಿ ಮುಗಿದೊಡನೆ ಅವನು ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ನೀರಿನ ಮೇಲೆ ಬಾಗಿ, ಮೂಗಿನಿಂದ ಒಮ್ಮೆ ದೀರ್ಘವಾಗಿ ಎಳೆದುಕೊಳ್ಳುತ್ತಿದ್ದ. ಪುಡಿಯ ವಾಸನೆ ಕಡಿಮೆಯಾಗಿದೆ ಅನಿಸಿದರೆ ಒಂದು ಬೋಗುಣಿ ಸುರಿದ, ಹೊಲಸು ವಾಸನೆ ಬಂತೆಂದರೆ ಇನ್ನೊಂದು ಬೋಗುಣಿ. ಅವನ ಲೆಕ್ಕದಲ್ಲಿ ಮೂಗಿಗೆ ಚುರುಕ್ ಅಂದರೆ ನೀರು ಸ್ವಚ್ಛ. “ನಮ್ಮ ತಾಯಂದಿರು ಬರೋ ಹೊತ್ತಿಗೆ ನೀರು ಚೊಕ್ಕ ಇರಬೇಕು” ಎಂದು ಅವನು ಪ್ರೀತಿಯಿಂದಲೇ ಸುರಿಯುತ್ತಿದ್ದ. ಅದರ ಬೆನ್ನಿಗೇ ಹೆಂಗಸರು ಇಳಿಯುತ್ತಿದ್ದರು.

ಬಿಸಿಲೇರಿ ಗಂಡಸರ ಪಾಳಿಯಲ್ಲಿ ಜನ ಹೆಚ್ಚಿದಂತೆಲ್ಲ ಬೋಗುಣಿಯೂ ಹೆಚ್ಚಿತು. ಹೆಂಗಸರಿಗೆ ಕಣ್ಣುರಿ, ಕೆಮ್ಮು, ಮೈತುರಿಕೆ. ಕೇಳಿದರೆ ಪಂಚಶೀಲಾ, “ಮೊದಮೊದಲ ಹಂಗ ಆಗ್ತದ, ರೂಢಿ ಆದ್ರ ಏನೂ ಆಗೂದಿಲ್ಲ” ಅನ್ನುತ್ತಿದ್ದಳು. ಅವಳಿಗೇ ರೂಢಿಯಾಗಿರಲಿಲ್ಲ. ರಾತ್ರಿ ಮೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಮಲಗುತ್ತಿದ್ದಳು. ಆದರೂ ಬಾಯಿ ಬಿಡಲಿಲ್ಲ. ನೀರಿನಲ್ಲಿ ದೋಷವಿದೆ ಎಂಬ ಮಾತು ಹುಟ್ಟಿದರೆ ಹೆಂಗಸರು ನಿಲ್ಲುತ್ತಾರೆ, ಹೆಂಗಸರು ನಿಂತರೆ ಪಾಳಿ ನಿಲ್ಲುತ್ತದೆ ಎಂಬ ಅಂಜಿಕೆ ಅವಳಿಗೆ.

ಅಂಜಿದ್ದು ಒಂದು ದಿನ ಸ್ಟೀಲಿನ ಡಬ್ಬಿಯಲ್ಲಿ ಕೂತು ಬಂತು. ಶಮ್ಸುನ್ನಿಸಾ ಖಾಲಾ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪರದೆ ಸರಿಸಿ ಒಳಗೆ ಬಂದರು. ಈಸುವುದಕ್ಕಲ್ಲ, ಅವರು ಯಾವತ್ತೂ ಇಳಿದವರಲ್ಲ.

“ಅದೇನ್ರಿ ಖಾಲಾ?” ಎಂದಳು ಪಂಚಶೀಲಾ.

“ಮೀನ. ನಮ್ಮ ಮನಿ ಬಾವಿದವು. ನಮ್ಮ ಅತ್ತಿ ಕಾಲದಿಂದ ಬಾವ್ಯಾಗ ಮೀನ ಬಿಡ್ತೇವಿ. ನೀರು ಚೊಲೋ ಅದನೋ ಇಲ್ಲೋ ಅಂತ ನಾವು ಇವನ್ನೇ ಕೇಳೋದು. ಒಂದು ಬಕೀಟ ಕೊಡು.”

ಈ ಕಡೆಯ ಹಳೇ ಮನೆಗಳಲ್ಲಿ ಇದು ಹೊಸದೇನಲ್ಲ. ಬಾವಿಗೆ ಮೀನು ಬಿಡುತ್ತಾರೆ, ಕೆಲವರು ಆಮೆಯನ್ನೂ ಬಿಡುತ್ತಾರೆ. ಅವು ಹುಳುಹುಪ್ಪಟೆ ತಿಂದುಕೊಂಡು ಇರುವಷ್ಟು ದಿನ ಮನೆಯವರು ನಿಶ್ಚಿಂತೆಯಿಂದ ಕುಡಿಯುತ್ತಾರೆ. ಖಾಲಾ ಬಕೆಟಿನಲ್ಲಿ ಹೌದದ ನೀರು ತುಂಬಿಸಿ, ಬೆರಳುದ್ದದ ಎರಡು ಮೀನುಗಳನ್ನು ಮೆಲ್ಲಗೆ ಬಿಟ್ಟರು. ಹೆಂಗಸರೆಲ್ಲ ಸುತ್ತ ನೆರೆದರು. ಮೀನುಗಳು ಮೊದಲು ಗರಗರ ಸುತ್ತಿದವು. ಆಮೇಲೆ ಮೇಲಕ್ಕೆ ಬಂದು ಬಾಯಿ ಬಾಯಿ ಬಿಟ್ಟವು. ಖಾಲಾರಿಗೆ ತರಿಸಿಕೊಟ್ಟ ಚಹಾ ಮುಗಿಯುವುದರೊಳಗೆ ಹೊಟ್ಟೆ ಮೇಲಾಗಿ ತೇಲಿದವು.

ಪಂಚಶೀಲಾ ಬಾಗಿ ಬಕೆಟಿನೊಳಗೆ ಬೆರಳಾಡಿಸಿದಳು, ಮೀನು ಅಲುಗಲಿಲ್ಲ.

“ಜಸ್ಮೀನ ಎರಡು ದಿನದಿಂದ ಕಣ್ಣು ಬಿಡಲಾರದೆ ಮಲಗ್ಯಾಳ,” ಎಂದರು ಖಾಲಾ. ಸಿಟ್ಟಿನ ದನಿಯಲ್ಲ ಅದು, ಸಿಟ್ಟು ಮಾಡಿದ್ದರೇ ಚೆನ್ನಾಗಿತ್ತು. “ಮೀನ ಇರಲಾರದ ನೀರಾಗ ಹುಡುಗೀನ ಹ್ಯಾಂಗ ಬಿಡಲಿ, ನೀನೇ ಹೇಳು ಬೇಟಿ.”

“ಇದು ಮನುಷ್ಯಾರ ನೀರು ಖಾಲಾ, ಮೀನದ್ದಲ್ಲ. ಇದರಾಗ ಹುಳಾ ಸಾಯೋ ದವಾ ಇರ್ತದ.”

“ಹೋಗಿ ಕನ್ನಡ್ಯಾಗ ನಿನ್ನ ಕಣ್ಣು ನೋಡ್ಕೋ ಹೋಗು,” ಎಂದು ಖಾಲಾ ಸತ್ತ ಮೀನುಗಳನ್ನು ಡಬ್ಬಿಗೆ ಹಾಕಿಕೊಂಡರು. “ಪಾಪ, ನನ್ನ ಹಟಕ್ಕ ಇವು ಹೋದವು” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಪರದೆ ಸರಿಸಿ ಹೊರಟರು. ಗಲ್ಲಿಯ ಹೆಂಗಸರೆಲ್ಲ ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆಯೇ ಹೋದರು. ಪಂಚಶೀಲಾ ಬಟ್ಟೆ ಬದಲಿಸುವ ಕೋಣೆಯ ಕನ್ನಡಿಯಲ್ಲಿ ನೋಡಿಕೊಂಡಳು. ಕಣ್ಣು ಕೆಂಡವಾಗಿತ್ತು.

ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೀನಿನ ಸುದ್ದಿ ಅಷ್ಟರಲ್ಲಿ ಸಂತೆಗೆ ಹೋಗಿ, ಎರಡು ಮೀನು ಒಂದು ಬುಟ್ಟಿ ಮೀನಾಗಿ ತಿರುಗಿ ಬಂದಿತ್ತು. ಗುರುನಾಥ ಸಾಹುಕಾರರು ಖಾಲಿ ಹೌದದ ದಂಡೆಯಲ್ಲಿ ನಿಂತು ನೀರು ನೋಡಿದರು. “ಬರೋ ಸೋಮವಾರದೊಳಗ ಹೆಣ್ಣುಮಕ್ಕಳು ಬಂದ್ರ ಸರಿ, ಇಲ್ಲಾಂದ್ರ ಈ ಪಾಳಿ ಪೊಲೀಸ್ ಭರ್ತಿಗೆ ತಯಾರಾಗೋ ಹುಡುಗರಿಗೆ ಕೊಡ್ತೇನಿ ನೋಡು. ಖಾಲಿ ನೀರಿಗೆ ನಾ ಪಂಪ್ ಓಡಸಲೇನು?” ಎಂದರು. ಅವರು ಕೆಟ್ಟವರಲ್ಲ, ವ್ಯಾಪಾರಿ ಅಷ್ಟೆ.

ಮನೆಯಲ್ಲಿ ಭೀಮಶಾ ಅವಳ ಮುಖ ನೋಡಿ ಚಾಷ್ಟಿ ಮಾಡಿದ. “ಮೀನ ಸತ್ರ ನೀ ಯಾಕ ಸೂತಕದಾಗ ಕುಂತೀಬೇ? ಹಾಸ್ಟೆಲ್‌ದಾಗ ಮತ್ತ ಕರೀತಾರ, ರೊಟ್ಟಿ ಬಡಿಯಾಕ.”

“ರೊಟ್ಟಿ ಎಲ್ಲ್ಯಾರ ಬಡೀತೇನಿ. ನೀರು ಎಲ್ಲಿ ಸಿಗ್ತದ?” ಎಂದಳು ಅವಳು. “ಆ ಎರಡು ತಾಸು ನಂದು ಅಂತ ಇತ್ತು. ಬ್ಯಾರೆ ಯಾವುದೂ ನಂದು ಅಂತ ಇಲ್ಲ ನನಗ.” ಭೀಮಶಾ ನಗು ನುಂಗಿಕೊಂಡ. ಮರುದಿನ ನಸುಕಿನಲ್ಲೇ, ಅವಳು ಕೇಳದೆಯೇ, ನೀರಿಗೆ ಏನಾಗಿದೆ ನೋಡು ಎಂದು, ಅವಳನ್ನು ಟಂಟಂನಲ್ಲಿ ಕೂರಿಸಿಕೊಂಡು ಹೌದಕ್ಕೆ ಬಿಟ್ಟ.

ಇಷ್ಟು ದಿನ ಆ ನೀರಿನಲ್ಲಿ ಮುಳುಗೆದ್ದವಳು ಗಂಡಸರ ಪಾಳಿಯನ್ನು ಒಮ್ಮೆಯೂ ನೋಡಿರಲಿಲ್ಲ. ಆವತ್ತು ಪಂಪಿನ ಮನೆಯ ಜಾಳಿಗೆಯ ಹಿಂದೆ ನಿಂತು ನೋಡಿದಳು. ಅಯ್ಯ ಅಯ್ಯ, ಏನು ಹೇಳುವುದು? ಒಬ್ಬ ಮೈಯೆಲ್ಲ ಎಳ್ಳೆಣ್ಣೆ ಬಳಿದುಕೊಂಡು ಮಿಂಚುತ್ತ ಬಂದು ಧುಮುಕಿದ. ಇನ್ನೊಬ್ಬ ಹೊಲದಿಂದ ನೇರ ಬಂದವನು, ಕಾಲ ಮಣ್ಣು ನೀರಿನಲ್ಲೇ ತೊಳೆದ. ಮತ್ತೊಬ್ಬ ಬಾಯಿಯ ಗುಟ್ಕಾ ಉಗಿಯುವುದಕ್ಕೆ ದಂಡೆಯವರೆಗೂ ಬರಲಿಲ್ಲ. ನಳದ ಕೆಳಗೆ ಒಬ್ಬನಾದರೂ ನಿಲ್ಲಬೇಕಲ್ಲ? ಗಂಡಸರ ಕಡೆಯ ನಳದ ಕೆಳಗೆ ಎಲ್ಲರೂ ಚಪ್ಪಲಿ ಸಾಲಾಗಿ ಬಿಟ್ಟಿದ್ದರು. ಆ ಜಾಗ ಎಂದೂ ತೊಯ್ಯುವುದಿಲ್ಲ ಎಂಬ ನಂಬಿಕೆ ಅವರಿಗೆ.

ಆವತ್ತೇ ಕಲಬುರಗಿಯಿಂದ ಮಸೂದ ಬಂದಿದ್ದ. ಹೌದದ ನೀರು ಸೋಸುವ ಯಂತ್ರಗಳನ್ನು ರಿಪೇರಿ ಮಾಡುವ ಹುಡುಗ, ಇಂಥ ಹತ್ತಾರು ಹೌದಗಳನ್ನು ನೋಡಿದವನು. ಗಂಡಸರು ಹೋದ ಮೇಲೆ ಭಗವಂತ ಎಂದಿನಂತೆ ಬಾಗಿ ಮೂಸಿ ನೋಡಿ ಎರಡು ಬೋಗುಣಿ ಸುರಿದ. ಮಸೂದ ಕೈಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ನಕ್ಕೇಬಿಟ್ಟ.

“ಕಾಕಾ, ಮೂಗಿನಿಂದ ನೋಡ್ತೀರೇನು?”

“ಮತ್ತ? ವಾಸನಿ ಹೊಡೀಬೇಕಪಾ. ಹೊಡದ್ರ ಸ್ವಚ್ಛ.”

“ಉಲ್ಟಾ ಅದರಿ ಕಾಕಾ. ಸ್ವಚ್ಛ ಹೌದಕ್ಕ ವಾಸನಿ ಇರೂದಿಲ್ಲ. ಬೆವರು, ಎಣ್ಣಿ, ನೀರಾಗೇ ಉಚ್ಚಿ ಹೊಯ್ಯೋ ಮಂದಿ, ಇವೆಲ್ಲದರ ಜೋಡಿ ದವಾ ಜಗಳಕ್ಕ ಬಿದ್ದಾಗ ಬರೋ ವಾಸನಿ ಅದು. ಕಣ್ಣು ಉರಿಯೋದು ಅದಕ್ಕೇ. ಹೊಲಸು ಜಾಸ್ತಿ ಆದಷ್ಟೂ ನೀವು ಪುಡಿ ಜಾಸ್ತಿ ಸುರೀತೀರಿ, ಅದು ಕರಗೋದರಾಗ ಹೆಣ್ಣುಮಕ್ಕಳು ಇಳೀತಾರ.” ಅವನು ಚೀಲದಿಂದ ಗಾಜಿನ ಸಣ್ಣ ನಳಿಗೆ ತೆಗೆದು, ಹೌದದ ನೀರು ತುಂಬಿ, ಒಂದು ಸೀಸೆಯಿಂದ ಹನಿ ಬಿಟ್ಟ. ನೀರು ಗಾಢ ಕಿತ್ತಳೆಗೆ ತಿರುಗಿತು. “ನಿಂಬಿಹಣ್ಣಿನ ಬಣ್ಣ ಬಂದ್ರ ಸಾಕ್ರಿ. ಇದು ನೋಡ್ರಿ, ಚಹಾದ ಬಣ್ಣ ಬಂದದ.”

ಭಗವಂತ ತನ್ನ ಬೋಗುಣಿಯನ್ನೇ ನೋಡುತ್ತ ಕೂತ. ಪ್ರೀತಿಯಿಂದ ಮಾಡಿದ ಕೆಲಸ ಹೀಗಾಯಿತೆಂದರೆ ಯಾರಿಗೆ ನೋವಾಗದು? ಪಂಚಶೀಲಾಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ನಳದ ಕೆಳಗಿನ ಚಪ್ಪಲಿಗಳ ಮೇಲೆ. ಅವರ ಎಣ್ಣೆ, ಇವರ ಕಣ್ಣು. ತಿಕ್ಕಿ ತಿಕ್ಕಿ ತೊಳೆದುಕೊಂಡು ಇಳಿದವರಿಗೆ ಉರಿ, ತೊಳೆಯದೆ ಇಳಿದವರು ತಣ್ಣಗೆ ಮನೆಗೆ.

“ಮೀನ?” ಎಂದು ಕೇಳಿದಳು. “ನೀರು ಸರಿ ಆದ್ರ ಮೀನ ಬದುಕ್ತಾವೇನು?”

“ಇಲ್ಲ ಅಕ್ಕಾ. ಸ್ವಲ್ಪ ತಡಾ ಮಾಡಿ ಸಾಯ್ತಾವ, ಅಷ್ಟೇ. ಅವು ನೀರು ಉಸುರಾಡ್ತಾವ, ನಾವು ಗಾಳಿ ಉಸುರಾಡ್ತೇವಿ. ರೋಗದ ಹುಳಾ ಕೊಲ್ಲೋ ಅಷ್ಟು ದವಾ ಇದ್ರ ಮೀನಕ್ಕ ಆಗೂದಿಲ್ಲ.” ಮಸೂದ ಮಾಡಬೇಕಾದದ್ದನ್ನೂ ಹೇಳಿದ. ಪುಡಿ ಹಾಕುವುದು ಸಂಜೆ ಹೌದ ಮುಚ್ಚಿದ ಮೇಲೆ, ಬಕೆಟಿನಲ್ಲಿ ಕಲಸಿ ತಿಳಿ ಮಾಡಿ. ರಾತ್ರಿಯೆಲ್ಲ ಪಂಪ್ ಓಡಬೇಕು. ಬೆಳಿಗ್ಗೆ ನಳಿಗೆಯಲ್ಲಿ ಬಣ್ಣ ನೋಡದೆ ಗೇಟು ತೆಗೆಯಬಾರದು. “ಆದ್ರ ಗಂಡಸರು ತೊಳಕೊಂಡು ಇಳೀದಿದ್ರ ಇದೆಲ್ಲಾ ದಂಡ ನೋಡ್ರಿ.”

ಸಾಹುಕಾರರು ಎಲ್ಲ ಕೇಳಿಸಿಕೊಂಡರು. ರಾತ್ರಿ ಪಂಪ್ ಓಡಿಸಲು ಒಪ್ಪಿದರು. ಕೊನೆಯ ಮಾತಿಗೆ ಬಂದಾಗ ಮಾತ್ರ ಕಿವಿ ಕೆರೆದುಕೊಂಡರು. “ಬರೋರೆಲ್ಲಾ ನಮ್ಮ ಮಂದಿ. ದೊಡ್ಡೋರು. ನೀವು ಹೊಲಸದೀರಿ, ತೊಳಕೊಂಡು ಬರ್ರಿ ಅಂತ ಯಾರು ಹೇಳಬೇಕು?” ಭಗವಂತ ಬೋಗುಣಿ ಎತ್ತಿಕೊಂಡು ಪಂಪಿನ ಮನೆಯೊಳಗೆ ಹೋದ.

“ನಾ ಹೇಳ್ತೇನ್ರಿ,” ಎಂದಳು ಪಂಚಶೀಲಾ.

ಸಾಹುಕಾರರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮನಸ್ಸಿಗೆ ಬಂದದ್ದನ್ನು ನುಂಗಿಕೊಂಡು ಬೇರೆ ಮಾತು ಹುಡುಕಿದರು. “ಹೆಣ್ಣುಮಗಳದೀ. ಅವರು ಆಡೋ ಮಾತು ನಿನಗ ಕೇಳಾಕ ಆಗೂದಿಲ್ಲ.”

“ಕೇಳಿದ ಮಾತೇ ಆಡ್ತಾರ್ರಿ ಸಾಹುಕಾರ್ರೆ. ಹೊಸಾದು ಏನಿರ್ತದ?”

ಮರುದಿನ ಬೆಳಿಗ್ಗೆ ನಳದ ಕೆಳಗಿನ ಚಪ್ಪಲಿಗಳ ಜಾಗ ಖಾಲಿಯಿತ್ತು. ಅದರ ಪಕ್ಕ ಒಂದು ಕುರ್ಚಿ, ಕುರ್ಚಿಯ ಮೇಲೆ ಪಂಚಶೀಲಾ, ಅವಳ ತೊಡೆಯ ಮೇಲೆ ಸಾಬೂನಿನ ತುಂಡುಗಳ ತಟ್ಟೆ. ಮೊದಲು ಬಂದವನು ಬಸ್ ಡ್ರೈವರ್ ಹುಸೇನಪೀರ. ಅವಳನ್ನು ನೋಡಿ ಹಿಂದಕ್ಕೆ ಹೆಜ್ಜೆಯಿಟ್ಟ. ವಿಷಯ ಕೇಳಿದ ಮೇಲೆ, “ಇಷ್ಟೇ ಏನವ್ವಾ, ನಾ ಚೆಕಿಂಗ್ ಅಂತ ಮಾಡಿದ್ದೆ” ಎಂದು ಸಾಬೂನು ತಗೊಂಡು ನಿಂತ. ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿ ಕೂತಳು. ಅವನ ಹಿಂದೆ ಗೊಣಗುತ್ತ ಇನ್ನೂ ಕೆಲವರು ನಿಂತರು.

ಆಮೇಲೆ ಜಗದೇವಪ್ಪ ಬಂದರು. ಬಜಾರಿನಲ್ಲಿ ಗೊಬ್ಬರದ ಅಂಗಡಿಯ ಮಾಲಕರು, ಸಾಹುಕಾರರ ದೋಸ್ತ. ಹಣೆಯ ತುಂಬ ವಿಭೂತಿ, ತಲೆಯಿಂದ ಕಿವಿಯ ಹಿಂದಕ್ಕೆ ಇಳಿಯುವ ಎಣ್ಣೆ.

“ನಾ ಸ್ನಾನ ಪೂಜಾ ಮುಗಿಸಿ ಬಂದೇನಿ,” ಎಂದರು, ನಿಲ್ಲದೆ.

“ಗೊತ್ತಾಗ್ತದ್ರಿ ಅಣ್ಣಾರೆ. ಆದ್ರೂ ಒಂದೀಟು ನಳದ ಕೆಳಗ ನಿಂತು ಹೋಗ್ರಿ.”

ಅವರು ನಿಂತರು. “ಅಂದ್ರ ನಾ ಮೈಲಿಗಿ ಆಗೇನಿ ಅಂತೀಯೇನು? ನೀನು? ನೀನು ನನಗ ಹೇಳೋದು?”

ಆ ಎರಡನೆಯ ‘ನೀನು’ವಿನಲ್ಲಿ ಏನಿತ್ತೆಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ನೀರಿನಲ್ಲಿದ್ದವರೂ ಕೈಕಾಲು ಬಡಿಯುವುದನ್ನು ನಿಲ್ಲಿಸಿದರು. ಪಂಚಶೀಲಾಳಿಗೆ ಎದ್ದು ಮನೆಗೆ ಹೋಗಿಬಿಡಲೇ ಅಂತ ಅನಿಸಿತು. ಸುಳ್ಳು ಯಾಕೆ, ಖರೇನೇ ಅನಿಸಿತು.

“ಮೈಲಿಗಿ ಅಲ್ರಿ,” ಎಂದಳು. “ಎಣ್ಣಿ.”

ಹೌದದಲ್ಲಿದ್ದ ಹುಸೇನಪೀರನಿಗೆ ನಗು ತಡೆಯಲಾಗದೆ ನೀರು ಮೂಗಿಗೇರಿ ಕೆಮ್ಮಿದ. ಜಗದೇವಪ್ಪ ಟವೆಲು ಹೆಗಲಿಗೆ ಹಾಕಿ ಹೊರಗೆ ಹೋದರು, ಕಾರಿನ ಬಾಗಿಲು ಎಲ್ಲರಿಗೂ ಕೇಳುವ ಹಾಗೆ ಬಡಿದರು. ಸಾಹುಕಾರರಿಗೆ ಫೋನೂ ಹೋಯಿತು. ಮಹಾನಂದಾ ಫೋನು ಕಸಿದುಕೊಂಡು, “ಅಕೀ ಹೇಳಿದ್ದು ಖರೇ ಅದ ಅಣ್ಣಾರೆ, ನಿಮ್ಮ ಎಣ್ಣಿ ನನ್ನ ಕಣ್ಣಿಗೂ ಬಂದದ” ಎಂದರಂತೆ. ನಾಲ್ಕಾರು ದಿನ ಜಗದೇವಪ್ಪನವರ ಸುಳಿವಿರಲಿಲ್ಲ. ಬಿಸಿಲು ಯಾರ ಮಾನವನ್ನೂ ನೋಡುವುದಿಲ್ಲವಲ್ಲ, ಒಂದು ಬೆಳಿಗ್ಗೆ ತಮ್ಮದೇ ಸಾಬೂನಿನ ಡಬ್ಬಿ ತಂದರು. ಅವಳ ಕಡೆ ನೋಡದೆ, ಅವಳಿಗೆ ಕಾಣುವ ಹಾಗೆ ಅದನ್ನು ಕಟ್ಟೆಯ ಮೇಲಿಟ್ಟು, ನಳದ ಕೆಳಗೆ ನಿಂತರು.

ಅದು ಆಮೇಲಿನ ಮಾತು. ಸೋಮವಾರದ ಗಡುವು ಇನ್ನೂ ತಲೆಯ ಮೇಲಿತ್ತು. ನೀರಿನ ವಾಸನೆ ಇಳಿಯಿತು, ನಳಿಗೆಯಲ್ಲಿ ನಿಂಬೆಹಣ್ಣಿನ ಬಣ್ಣ ಬಂತು. “ವಾಸನಿನೇ ಇಲ್ಲಲ್ಲಬೇ, ನನಗ ಭರೋಸಾ ಬರವಲ್ದು” ಎಂದು ಭಗವಂತ ಕದ್ದು ಕದ್ದು ಮೂಸುತ್ತಿದ್ದ. ನೀರಂತೂ ಸರಿಯಾಯಿತು, ಇಳಿಯುವವರೇ ಇರಲಿಲ್ಲ. ಭಾನುವಾರ ಪಂಚಶೀಲಾ ದರ್ಗಾ ಗಲ್ಲಿಗೆ ಹೋದಳು. ಶಮ್ಸುನ್ನಿಸಾ ಖಾಲಾ ಅಂಗಳದಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಭಗವಂತನ ಮೂಗು, ಗಂಡಸರ ಎಣ್ಣೆ, ಮಸೂದನ ನಳಿಗೆ, ಜಗದೇವಪ್ಪ. ಗಂಡಸರು ಸಾಲಾಗಿ ನಿಂತು ಸಾಬೂನು ಹಚ್ಚಿಕೊಂಡರು ಎಂಬಲ್ಲಿಗೆ ಬಂದಾಗ ಖಾಲಾ ಮೊರ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಈಗ ಮೀನ ಬಿಟ್ರ ಬದುಕ್ತಾವ?” ಎಂದು ಕೇಳಿದರು ಆಮೇಲೆ.

ಹೌದು ಎಂದರೆ ಕೆಲಸವಾಗುತ್ತಿತ್ತು. “ಇಲ್ರಿ ಖಾಲಾ, ಈಗೂ ಸಾಯ್ತಾವ. ಅವಕ್ಕ ಈ ನೀರು ಆಗೂದಿಲ್ಲ. ಮೀನ ತರಬ್ಯಾಡ್ರಿ. ನೀವೇ ಬರ್ರಿ.”

ಖಾಲಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬೇಳೆ ಕೇರತೊಡಗಿದರು. ಪಂಚಶೀಲಾ ಎದ್ದು ಮನೆಗೆ ಬಂದಳು.

ಸೋಮವಾರ ಹಸಿರು ಪರದೆ ಎಳೆದು ಕೂತವಳಿಗೆ ಒಂದೊಂದು ಗಳಿಗೆಯೂ ಭಾರವಾಯಿತು. ಹೊರಗೆ ಸಾಹುಕಾರರು ಪೊಲೀಸ್ ಭರ್ತಿಯ ಹುಡುಗರ ಮಾಸ್ತರನ ಜೊತೆ ಮಾತಾಡುತ್ತಿರುವುದು ಕೇಳಿಸುತ್ತಿತ್ತು. ಆಗ ಟಂಟಂ ಬಂದು ನಿಂತ ಸದ್ದು. ಅದು ಭೀಮಶಾನದೇ. ಅದರಿಂದ ಜಸ್ಮೀನ ಇಳಿದಳು, ಗಲ್ಲಿಯ ಹೆಂಗಸರು ಇಳಿದರು. ಕೊನೆಗೆ, ಭೀಮಶಾನ ಹೆಗಲು ಹಿಡಿದುಕೊಂಡು, ಶಮ್ಸುನ್ನಿಸಾ ಖಾಲಾ ಇಳಿದರು. ಕಣ್ಣಿಗೆ ಸುರ್ಮಾ, ಮೈಗೆ ಅತ್ತರು, ನೆರೆತ ಜಡೆಗೆ ಮಿಂಚುವಷ್ಟು ಎಣ್ಣೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಸಡಿಲ ಮ್ಯಾಕ್ಸಿ ಹಾಕಿಕೊಂಡು ನೇರ ಹೌದದ ಮೆಟ್ಟಿಲ ಕಡೆಗೆ ನಡೆದರು.

“ಮೊದಲ ನಾ ಇಳೀತೇನಿ. ಕಣ್ಣು ಉರಿಯಲಿಲ್ಲ ಅಂದ್ರ ಹುಡುಗ್ಯಾರು ಇಳೀಲಿ,” ಎಂದರು. ನಳದ ಹತ್ತಿರ ಬಂದಾಗ ಕೈಯಾಡಿಸಿದರು. “ನಂದು ಆಗ್ಯದ. ನಸಿಕಿನ್ಯಾಗ ಎದ್ದು ಜಳಕಾ ಮಾಡೇನಿ, ಕೈಕಾಲು ಮಾರಿ ತೊಳದು ವಜೂ ಮಾಡೇನಿ, ನಮಾಜ ಓದೇನಿ. ನನ್ನಷ್ಟು ಪಾಕ್ ಇಲ್ಲಿ ಯಾರದಾರ?”

ಎಲ್ಲರೂ ನಕ್ಕರು. ಪಂಚಶೀಲಾಳಿಗೆ ನಗು ಬರಲಿಲ್ಲ. ಇವರ ಮುಖ ಕೆಟ್ಟರೆ ಇಡೀ ಗಲ್ಲಿ ತಿರುಗಿ ಟಂಟಂ ಹತ್ತುತ್ತದೆ, ಗೇಟಿನ ಹೊರಗೆ ಮಾಸ್ತರ ನಿಂತೇ ಇದ್ದಾನೆ. ಮುದುಕಿ, ಒಂದು ದಿನ, ಎರಡು ಮೆಟ್ಟಿಲು. ಬಿಟ್ಟುಬಿಟ್ಟರೆ ಯಾರು ಕೇಳುತ್ತಾರೆ? ಅವಳು ನಳದ ಮುಂದಿನಿಂದ ಪಕ್ಕಕ್ಕೆ ಸರಿದಳು ಕೂಡ. ಸರಿದವಳು ಮತ್ತೆ ಬಂದು ಎದುರಿಗೇ ನಿಂತಳು.

“ಖಾಲಾ, ಮೊದಲ ನಳದ ಕೆಳಗ.”

“ನನಗೂ?”

“ನಿಮಗೂ ರಿ.”

ನಗು ನಿಂತಿತು. ಜಸ್ಮೀನ ಅಜ್ಜಿಯ ತೋಳು ಹಿಡಿದುಕೊಂಡಳು. ಖಾಲಾ ಆ ಕೈಯನ್ನು ಸರಿಸಿ, ಪಂಚಶೀಲಾಳ ಮುಖ ನೋಡಿದರು.

“ಆ ಗೊಬ್ಬರದಂಗಡಿಯಂವಗೂ ಹಿಂಗೇ ಹೇಳಿದ್ದೇನು?”

“ಹಿಂಗೇ ಹೇಳಿದ್ದೆ ರಿ.”

ಖಾಲಾ ನಳದ ಕೆಳಗೆ ಹೋಗಿ ನಿಂತರು. ತಾವೇ ನಳ ತಿರುಗಿಸಿದರು. ಸುರ್ಮಾ ಕೆನ್ನೆಯ ಮೇಲೆ ಕಪ್ಪಗೆ ಇಳಿಯಿತು, ಜಡೆಯ ಎಣ್ಣೆ ನೊರೆಯಾಗಿ ಮೋರಿಗೆ ಹರಿಯಿತು. ಕೈ ತಿಕ್ಕಿಕೊಂಡರು, ಕುತ್ತಿಗೆ ತಿಕ್ಕಿಕೊಂಡರು. ಆಮೇಲೆ ಮ್ಯಾಕ್ಸಿಯನ್ನು ಹೆಗಲಿನಿಂದ ಜಾರಿಸಿ, ಬೆನ್ನು ತಿರುಗಿಸಿ, ಸಾಬೂನನ್ನು ಹಿಂದಕ್ಕೆ ಚಾಚಿದರು.

“ನನ್ನ ಕೈ ಬೆನ್ನಿಗೆ ಮುಟ್ಟೂದಿಲ್ಲ. ನೀ ತಿಕ್ಕು ಬೇಟಿ.”

ಪಂಚಶೀಲಾ ಸಾಬೂನು ತಗೊಂಡಳು. ಅವಳು ಈ ಊರಿನಲ್ಲಿ ಹತ್ತಿ ಬಿಡಿಸಿ ಕೊಟ್ಟಿದ್ದಳು, ರೊಟ್ಟಿ ಬಡಿದು ಕೊಟ್ಟಿದ್ದಳು. ಬೆನ್ನು ಒಡ್ಡಿ ತಿಕ್ಕು ಎಂದವರು ಯಾರೂ ಇರಲಿಲ್ಲ. ಸುಕ್ಕುಗಟ್ಟಿದ ಆ ಬೆನ್ನಿನ ಮೇಲೆ ಅವಳ ಕೈ ಮೊದಮೊದಲು ಅಂಜುತ್ತಂಜುತ್ತ ಆಡಿತು. ಕಣ್ಣು ತುಂಬಿ ಏನೂ ಕಾಣದಾಯಿತು.

“ಜೋರಾಗಿ ತಿಕ್ಕು,” ಎಂದರು ಖಾಲಾ ಗೋಡೆಯ ಕಡೆ ಮುಖ ಮಾಡಿಕೊಂಡೇ. “ಹಿಂದ ಹುಡುಗ್ಯಾರು ಕಾಯಾಕತ್ತಾರ.”